ಅಪ್ಪನ ದಾಡಿ ಬ್ರಷ್ಷು

ಇದನ್ನ ಬರೀಬೇಕು ಅಂತ ಎಷ್ಟೋ ದಿನದಿಂದ ಅಂದುಕೊಳ್ತಾ, ಮುಂದೆ ಹಾಕ್ತಾ ಬಂದಿದ್ದೆ. ದಾಡಿ ಮಾಡಿಕೊಳ್ಳೋ ಬ್ರಷ್ಷಿನ ಬಗ್ಗೆ ಯಾರಾದರೂ ಇಷ್ಟುದ್ದ ಬರೀತಾರಾ ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ. ಪೂರ್ತಿ ಓದಿ ಆಮೇಲೆ ನಗಿ :) (ಬೆಂಗಳೂರು-ಮೈಸೂರು ಕಡೆಯವರಿಗೆ ಒಂದು ಮಾತು: ನಮ್ಮ ರಾಯಚೂರು ಕಡೆ ಶೇವಿಂಗ್ ಅನ್ನೋದಿಲ್ಲ, ದಾಡಿ ಮಾಡೋದು ಅಂತೀವಿ.)

ಹೋದ ಮಳೆಗಾಲದ ಒಂದು ಬೆಳಿಗ್ಗೆ. ಅಪ್ಪನ ಮುಖಕ್ಕೆ ನೊರೆ ಹಚ್ಚಿ ಮುಗಿಸಿದ್ದೆ, ರೇಜರ್ ಎತ್ತಿಕೊಳ್ಳೋಣ ಅಂತ ತಿರುಗಿದೆ. ಅಷ್ಟರಲ್ಲಿ ಅಪ್ಪ ಏನೋ ಒಂಥರಾ ಗೊರಗೊರ ಸದ್ದು ಮಾಡಿದರು. ನೋಡಿದರೆ ಬಾಯಿಯ ಬಲತುದಿಯಲ್ಲಿ ಒಂದು ಕಪ್ಪು ಕೂದಲು, ಅರ್ಧ ತುಟಿಯ ಮೇಲೆ, ಅರ್ಧ ಒಳಗೆ. ಬ್ರಷ್ಷಿನ ಕೂದಲು. ನಿಮಗೋ ನನಗೋ ಹಾಗಾದರೆ ಥೂ ಅಂತ ಉಗಿದು ಮುಂದಿನ ಕೆಲಸ ನೋಡ್ತೀವಿ. ಅಪ್ಪನಿಗೆ ಆಗಲ್ಲ. 2022ರಲ್ಲಿ ಪಾರ್ಶ್ವವಾಯು ಹೊಡೆದ ಮೇಲೆ ಅವರ ಬಲಗೈ, ಬಲಗಾಲು, ಬಾಯಿಯ ಬಲಭಾಗ ಅಷ್ಟಾಗಿ ಮಾತು ಕೇಳೋದಿಲ್ಲ. ನುಂಗೋದೇ ಕಷ್ಟ. ನೀರು ಕೂಡ ಗಂಜಿಯ ಹಾಗೆ ಗಟ್ಟಿ ಮಾಡಿ ಕುಡಿಸಿದ ದಿನಗಳಿವೆ. ಬೆರಳು ಹಾಕಿ ಆ ಕೂದಲು ತೆಗೆಯುವಷ್ಟರಲ್ಲಿ ನನಗೆ ಬೆವರು ಕಿತ್ತು ಬಂತು. ಅಪ್ಪನ ಕಣ್ಣಲ್ಲಿ ನೀರು. ಕೆಮ್ಮಿನಿಂದಲೋ ಸಿಟ್ಟಿನಿಂದಲೋ, ಕೇಳೋ ಧೈರ್ಯ ಆಗಲಿಲ್ಲ.

ಅವತ್ತು ರಾತ್ರಿ ಆ ಬ್ರಷ್ಷನ್ನ ಸೀಳಿ ನೋಡಿದೆ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಸ್ವಲ್ಪ ಹಿಂದಿನದನ್ನ ಹೇಳಿಬಿಡ್ತೀನಿ. ಅಪ್ಪ ಶಕ್ತಿನಗರದ ಥರ್ಮಲ್ ಸ್ಟೇಷನ್ನಿನಲ್ಲಿದ್ದವರು. ರಾಯಚೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಬಂದರೆ, ಕೃಷ್ಣೆ ಸಿಗೋ ಮುಂಚೆ ಚಿಮಣಿಗಳು ಕಾಣ್ತವಲ್ಲ, ಅದೇ. 1985ರಲ್ಲಿ ಅಲ್ಲಿ ಮೊದಲ ಘಟಕ ಶುರುವಾಯಿತು, ಈಗ ಎಂಟು ಘಟಕ ಸೇರಿ 1720 ಮೆಗಾವ್ಯಾಟ್. ಅಪ್ಪ ಸೇರಿದ್ದು 1986ರಲ್ಲಿ, ಕಲ್ಲಿದ್ದಲು ಇಳಿಸಿ ಪುಡಿ ಮಾಡಿ ಬಾಯ್ಲರ್ ಕಡೆ ಕಳಿಸೋ ವಿಭಾಗಕ್ಕೆ. ಸಿಂಗರೇಣಿಯಿಂದ ಬಂದ ರೈಲು ವ್ಯಾಗನ್ನನ್ನ ಇಡಿಯಾಗಿ ಹಿಡಿದು ಬೋರಲು ಹಾಕುವ ಯಂತ್ರ ಇರುತ್ತೆ, ಅದರ ಪಕ್ಕ ಅವರ ಡ್ಯೂಟಿ. ಮನೆಗೆ ಬಂದಾಗ ಕಣ್ಣುಗುಡ್ಡೆ, ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪು. "ದಾಡಿ ಬಿಟ್ರ ಅದರಾಗ ಕಲ್ಲಿದ್ಲ ಕೂಡ್ತದ" ಅನ್ನೋದು ಅವರ ಮಾತು. ಹಾಗಾಗಿ ಯಾವ ಶಿಫ್ಟಿದ್ದರೂ ದಿನಾ ದಾಡಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಬಂದರೂ ಮೊದಲು ಕನ್ನಡಿ, ಆಮೇಲೆ ಚಹಾ.

2014ರಲ್ಲಿ ರಿಟೈರಾಗಿ, ಕಾಲೋನಿಯ ಕ್ವಾರ್ಟರ್ಸ್ ಬಿಟ್ಟು, ಪಕ್ಕದ ದೇವಸೂಗೂರಿನಲ್ಲೇ ಮನೆ ಮಾಡಿದರು. ಡ್ಯೂಟಿ ಹೋದರೂ ದಾಡಿ ಹೋಗಲಿಲ್ಲ. ಲಕ್ವಾ ಹೊಡೆದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ ಎಡಗೈಯಿಂದ ಕೆನ್ನೆ ಉಜ್ಜಿ ಉಜ್ಜಿ ತೋರಿಸ್ತಿದ್ದರು. ಏನೋ ತುರಿಕೆ ಅಂದುಕೊಂಡೆ. ಅಮ್ಮನಿಗೆ ಗೊತ್ತಾಯಿತು: "ದಾಡಿ ಮಾಡ್ಸು ಅಂತಾರೋ ಮಾರಾಯ."

ಮೊದಲು ಸಲೂನಿನವರನ್ನೇ ಮನೆಗೆ ಕರೆಸ್ತಿದ್ದೆವು. ಪಾಪ, ಭಾನುವಾರ ಭಾನುವಾರ ಬರೋರು. ಅಪ್ಪನಿಗೆ ಬೇಕಿದ್ದದ್ದು ದಿನಾ. ಟ್ರಿಮ್ಮರ್ ತಂದೆ. "ಕುರಿ ತುಪ್ಪಟ ತೆಗ್ದಂಗ" ಅಂತ ತಳ್ಳಿಬಿಟ್ಟರು. (ಇಷ್ಟು ಹೇಳೋಕೆ ಅವರಿಗೆ ಅರ್ಧ ನಿಮಿಷ ಬೇಕಾಯಿತು. ಹೇಳಿ ಮುಗಿಸಿದ ಮೇಲೆ ಅವರೇ ನಕ್ಕರು, ಎಡಗಡೆಯಿಂದ.) ಡಬ್ಬಿಯ ಫೋಮ್ ತಂದೆ. ಅವರ ಗಡ್ಡ ಒರಟು, ಹಚ್ಚಿ ಎರಡು ನಿಮಿಷಕ್ಕೆ ಆರಿಹೋಗೋ ಫೋಮಿಗೆ ಅದು ನೆನೆಯೋದಿಲ್ಲ. ಅವರು ರಕ್ತ ಹೆಪ್ಪುಗಟ್ಟದಿರೋ ಮಾತ್ರೆ ತಗೊಳ್ತಾರೆ, ಸಣ್ಣ ಗಾಯವಾದರೂ ಹತ್ತು ನಿಮಿಷ ಹತ್ತಿ ಒತ್ತಿ ಹಿಡೀಬೇಕು. ಅಂದ್ರೆ ಕೂದಲು ಚೆನ್ನಾಗಿ ನೆನೆದು ಎದ್ದು ನಿಲ್ಲಬೇಕು, ಬ್ಲೇಡು ಒಂದೇ ಸಲಕ್ಕೆ ಹೋಗಬೇಕು. ಅದಕ್ಕೆ ಬ್ರಷ್ಷೇ ಗತಿ.

ಅಪ್ಪನದೇ ಒಂದು ಬ್ರಷ್ಷಿತ್ತು. ಅದರ ಹಿಡಿ ಹೈಲಂನದು. ಹೈಲಂ ಅಂದ್ರೆ ಎಲೆಕ್ಟ್ರಿಕಲ್ ಕೆಲಸದವರಿಗೆ ಗೊತ್ತು, ಕರೆಂಟು ಹರಿಯದ, ಕಂದು ಬಣ್ಣದ, ಮರದಷ್ಟೇ ಹಗುರ ಅನ್ನಿಸೋ ಗಟ್ಟಿ ವಸ್ತು. ಅಪ್ಪನ ಗೆಳೆಯರೊಬ್ಬರು ಒಂದು ತುಂಡನ್ನ ಲೇತ್‌ನಲ್ಲಿ ತಿರುವಿ ಸೊಂಟ ಸಣ್ಣಗಿರೋ ಹಾಗೆ ಮಾಡಿ, ಬಜಾರಿನ ಬ್ರಷ್ಷೊಂದರ ಕೂದಲ ಗಂಟು ಕಿತ್ತು ಇದಕ್ಕೆ ಕೂರಿಸಿ ಕೊಟ್ಟಿದ್ದರು. ಹಿಡಿ ಇವತ್ತಿಗೂ ಕಲ್ಲು. ಕೂದಲು ಮಾತ್ರ ಸವೆದು ಸವೆದು ಮುದಿ ಪೊರಕೆಯ ಹಾಗಾಗಿತ್ತು. ಹೊಸದು ತಗೊಳ್ಳೋಣ ಅಂತ ಹೋಗಿ, ಬುರುಡೆ ಬುರುಡೆ ಮಾತಿಗೆ ಮರುಳಾಗಿ, ಆರುನೂರು ರೂಪಾಯಿ ಕೊಟ್ಟು 'ಪ್ಯೂರ್ ಬ್ಯಾಜರ್' ಅಂತ ಚೀಟಿ ಅಂಟಿಸಿದ್ದ ಬ್ರಷ್ ತಂದೆ. ಅಂಗಡಿಯಲ್ಲಿ ಕೆನ್ನೆಗೆ ಉಜ್ಜಿ ನೋಡಿದ್ದೆ, ಮೆತ್ತಗಿತ್ತು. ಮೆತ್ತಗಿದೆ ಅಂದ್ರೆ ಒಳ್ಳೇದು ಅಂತಲೇ ತಿಳಿದಿದ್ದೆ.

ಮೊದಲ ದಿನ 11 ಕೂದಲು ಉದುರಿದವು. ಹೊಸದಲ್ವಾ, ಉದುರ್ತವೆ ಅಂದುಕೊಂಡೆ. ಹತ್ತನೇ ದಿನ 14. ಅದರಲ್ಲೊಂದು ಅಪ್ಪನ ಬಾಯಿಗೆ ಹೋಯಿತು.

ಸರಿ, ಆ ರಾತ್ರಿ ಹ್ಯಾಕ್‌ಸಾ ಬ್ಲೇಡಿನಿಂದ ಹಿಡಿಯನ್ನ ಕೊಯ್ದು ಗಂಟನ್ನ ಹೊರಗೆ ತೆಗೆದು, ಬುಡವನ್ನ ಎರಡು ಹೋಳು ಮಾಡಿದೆ. ಅಂಟು ಸುತ್ತಲೂ ಒಂದು ಚಿಪ್ಪಿನ ಹಾಗೆ ಗಟ್ಟಿಯಾಗಿತ್ತು. ನಡುವಿಗೆ ಇಳಿದೇ ಇರಲಿಲ್ಲ. ಮೇಲೆ ಬೆಂದು ಒಳಗೆ ಹಸಿ ಹಿಟ್ಟು ಉಳಿದ ಕಡುಬು ನೋಡಿದ್ದೀರಲ್ಲ, ಹಾಗೆ. ನಡುವಿನ ಕೂದಲನ್ನ ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಲೀಸಾಗಿ ಬರ್ತಿತ್ತು. ಅಕ್ಕಪಕ್ಕದ ಕೂದಲು ಒತ್ತಿಕೊಂಡಿದ್ದವು ಅನ್ನೋ ಒಂದೇ ಕಾರಣಕ್ಕೆ ಅಷ್ಟು ದಿನ ನಿಂತಿದ್ದವು.

ಆಮೇಲೆ ಹುಚ್ಚು ಹಿಡಿಯಿತು. ಈ ಗಂಟನ್ನ ಹೇಗೆ ಕಟ್ತಾರೆ, ಎಲ್ಲಿ ತಪ್ಪುತ್ತೆ ಅಂತ ತಿಳಿಯೋ ತನಕ ನಿದ್ದೆ ಬರಲಿಲ್ಲ. ಗೊತ್ತಾದದ್ದನ್ನ ಹೇಳ್ತೀನಿ.

ಬ್ರಷ್ಷಿಗೆ ಹಾಕೋದು ಮುಖ್ಯವಾಗಿ ನಾಲ್ಕು ಥರ. ಹಂದಿಯ ಬಿರುಗೂದಲು, ಬ್ಯಾಜರ್ ಅನ್ನೋ ಪ್ರಾಣಿಯ ಕೂದಲು, ಕುದುರೆಯ ಬಾಲ-ಕೇಸರದ ಕೂದಲು, ಮತ್ತೆ ಕೃತಕ ಎಳೆ. ಬ್ಯಾಜರ್ ಕೂದಲು ಬಹುಪಾಲು ಚೀನಾದಿಂದ ಬರುತ್ತೆ. (ನಮ್ಮ ಕಾಡಿನ ತರಕರಡಿಗೂ ಇಂಗ್ಲಿಷಿನಲ್ಲಿ ಹನಿ ಬ್ಯಾಜರ್ ಅಂತಾರೆ, ಆದರೆ ಬ್ರಷ್ಷಿನದು ಅದಲ್ಲ, ಅದು ಬೇರೆ ಪ್ರಾಣಿ.) ನಮ್ಮ ದೇಶದಲ್ಲಿ ಹಂದಿ ಬಿರುಗೂದಲಿನ ವ್ಯಾಪಾರಕ್ಕೆ ಕಾನ್ಪುರ ಹೆಸರಾದದ್ದು. ಬ್ರಷ್ ಕಟ್ಟೋದಕ್ಕೇ ಹೆಸರಾದ ಊರು ಉತ್ತರ ಪ್ರದೇಶದ ಬಿಜನೋರ್ ಜಿಲ್ಲೆಯ ಶೇರ್‌ಕೋಟ್, ಅಲ್ಲಿ ಮನೆಮನೆಯ ಕಸುಬು ಅದು. ನಮ್ಮ ಕಡೆಗೂ ಕುಂಚ ಕಟ್ಟೋ ವಿದ್ಯೆ ಹೊಸದೇನಲ್ಲ. ನೂಲಿನ ಹಾಸಿಗೆ ಗಂಜಿ ಬಳಿಯೋಕೆ ನೇಕಾರರಿಗೆ ದೊಡ್ಡ ಕುಂಚ ಬೇಕಾಗ್ತಿತ್ತು. ಅದನ್ನ ಕಟ್ಟಿ ಕೊಡ್ತಿದ್ದವರಿಗೇ ಕುಂಚಿ ಕೊರವರು ಅಂತ ಹೆಸರು ಬಂತು.

ಕೂದಲು ಯಾವುದಾದರೂ, ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಉದ್ದದ ಪ್ರಕಾರ ಬೇರೆ ಮಾಡ್ತಾರೆ. ತೊಳೆದು ಜಿಡ್ಡು ತೆಗೀತಾರೆ, ಬಿಸಿ ನೀರಲ್ಲೋ ಹಬೆಯಲ್ಲೋ ಬೇಯಿಸ್ತಾರೆ. ಹಂದಿಯ ಕೂದಲು ಹುಟ್ಟಾ ಬಾಗಿರುತ್ತೆ, ಅದನ್ನ ಬಿಗಿಯಾಗಿ ಕಂತೆ ಕಟ್ಟಿ ಕುದಿಸಿ ಒಣಗಿಸಿ ನೆಟ್ಟಗೆ ಮಾಡ್ತಾರೆ. ಆಮೇಲೆ ಬಾಚೋದು, ಒಳಗಿನ ನವಿರು ತುಪ್ಪಟ, ಮುರಿದ ಚೂರು ಎಲ್ಲಾ ಹೋಗಬೇಕು. ಪ್ರತಿ ಕೂದಲಿಗೂ ಬುಡ, ತುದಿ ಅಂತ ಇರುತ್ತೆ. ಎಲ್ಲದರ ತುದಿ ಒಂದೇ ದಿಕ್ಕಿಗೆ ಬರಬೇಕು. ತಲೆಕೆಳಗಾಗಿ ಸೇರಿಕೊಂಡವನ್ನ ಒಂದೊಂದಾಗಿ ಹೆಕ್ಕಿ ತೆಗೆಯೋ ಕೆಲಸಕ್ಕೆ ಕಣ್ಣು, ಬೆರಳು ಎರಡೂ ಪಳಗಿರಬೇಕು.

ಆಮೇಲೆ ಒಂದು ಗಂಟಿಗೆ ಬೇಕಾದಷ್ಟನ್ನ ತೂಗಿ, ಬಟ್ಟಲಿನಂಥ ಅಚ್ಚಿಗೆ ತುದಿ ಕೆಳಗೆ ಮಾಡಿ ಇಳಿಸ್ತಾರೆ. ಅಚ್ಚನ್ನ ತಟ್ಟುತ್ತಾ ತಟ್ಟುತ್ತಾ ಹೋದರೆ ಪ್ರತಿ ಕೂದಲಿನ ತುದಿ ಅಚ್ಚಿನ ತಳ ಮುಟ್ಟುತ್ತೆ. ತಳದ ಆಕಾರ ಹೇಗಿದೆಯೋ ಬ್ರಷ್ಷಿನ ತಲೆ ಹಾಗೆ, ಬಲ್ಬಿನಂತೆ ಗುಂಡಗೆ ಅಥವಾ ಬೀಸಣಿಗೆಯಂತೆ ಹರಡಿ. ಆಗ ಮೇಲೆ ಕಾಣ್ತಿರೋ ಬುಡದ ಹತ್ತಿರ ದಾರ ಸುತ್ತಿ ಬಿಗೀತಾರೆ. ಇದೇ ಗಂಟು. ಉದ್ದ ಹೆಚ್ಚುಕಡಿಮೆ ಇದ್ದರೆ ಸರಿ ಮಾಡೋದು ಬುಡದ ಕಡೆ ಕತ್ತರಿಸಿ. ತುದಿಗೆ ಕತ್ತರಿ ಮುಟ್ಟಿಸೋ ಹಾಗೇ ಇಲ್ಲ.

ಯಾಕೆ ಗೊತ್ತಾ? ಮನೆಯಲ್ಲಿ ಹದಿನಾರು ವರ್ಷದ ಹುಡುಗ ಇದ್ದರೆ ಅವನ ಚಿಗುರು ಮೀಸೆ ಮುಟ್ಟಿ ನೋಡಿ. ರೇಷ್ಮೆ. ಅವನೇ ಒಂದು ಸಲ ಬ್ಲೇಡು ಹಾಕಲಿ, ಮೂರು ದಿನ ಬಿಟ್ಟು ಮುಟ್ಟಿ. ಮುಳ್ಳು. ಹುಟ್ಟಿದ ತುದಿ ಸೂಜಿಯ ಹಾಗೆ ಸಣ್ಣಗಾಗುತ್ತಾ ಹೋಗಿರುತ್ತೆ, ಬಾಗುತ್ತೆ. ಕತ್ತರಿಸಿದ ತುದಿ ಮೊಂಡಾಗಿ ಚುಚ್ಚುತ್ತೆ. ಬ್ರಷ್ಷಿನಲ್ಲೂ ಅಷ್ಟೇ. ಕೆಲಸ ಬೇಗ ಮುಗಿಯಲಿ ಅಂತ ಹೇಗೋ ಕಟ್ಟಿ, ಮೇಲಿಂದ ಕತ್ತರಿಯಲ್ಲಿ ಗುಂಡಗೆ ಕತ್ತರಿಸಿಬಿಟ್ಟರೆ ನೋಡೋಕೆ ಅಂದವಾಗಿ ಕಾಣುತ್ತೆ, ಕೆನ್ನೆಗೆ ಚುಚ್ಚುತ್ತೆ. ಹಂದಿ ಬಿರುಗೂದಲಿನ ತುದಿ ಇನ್ನೂ ವಿಶೇಷ, ಅದು ತಾನಾಗೇ ಎರಡು ಮೂರು ಕವಲಾಗಿ ಸೀಳಿರುತ್ತೆ. ಬಳಸುತ್ತಾ ಬಳಸುತ್ತಾ ಇನ್ನಷ್ಟು ಸೀಳಿ ಮೆತ್ತಗಾಗುತ್ತೆ. ಅದನ್ನ ಕತ್ತರಿಸಿದರೆ ಇದ್ದ ಒಂದು ಗುಣವೂ ಹೋಯಿತು.

ಕೊನೆಗೆ ಬುಡಕ್ಕೆ ಅಂಟು. ಹಿಂದೆ ರಾಳ, ಗಟ್ಟಿ ರಬ್ಬರು ಬಳಸ್ತಿದ್ದರು, ಈಗ ಎಪಾಕ್ಸಿ. ಅಂಟು ತೆಳ್ಳಗಿದ್ದು ನಿಧಾನಕ್ಕೆ ಒಣಗಿದರೆ ಕೂದಲಿನ ಸಂದಿಯಲ್ಲಿ ನಡುವಿನ ತನಕ ಇಳಿಯುತ್ತೆ. ಗಟ್ಟಿಯಾಗಿದ್ದು ಬೇಗ ಒಣಗಿದರೆ ಹೊರಗೇ ನಿಲ್ಲುತ್ತೆ. ಕೂದಲಿನ ಜಿಡ್ಡು ಸರಿಯಾಗಿ ಹೋಗಿರದಿದ್ದರೆ ಇಳಿದ ಅಂಟೂ ಹಿಡಿಯೋದಿಲ್ಲ. ನನ್ನ ಆರುನೂರು ರೂಪಾಯಿ ಹೋದದ್ದು ಇಲ್ಲಿ. ಈ ಜಾಗ ಹಿಡಿಯ ಒಳಗೆ ಹೂತಿರುತ್ತೆ, ಕೊಳ್ಳೋವಾಗ ಯಾರಿಗೂ ಕಾಣಲ್ಲ.

ಹೋಗಲಿ, ಅದು ಬ್ಯಾಜರಾದರೂ ಆಗಿತ್ತಾ? ಒಂದೆರಡು ಕೂದಲಿಗೆ ಬೆಂಕಿ ಕಡ್ಡಿ ಹಿಡಿದೆ. ಸುಟ್ಟ ತಲೆಕೂದಲಿನ ವಾಸನೆ ಬಂತು, ಉಳಿದದ್ದು ಪುಡಿಯಾಗೋ ಬೂದಿ. ಅಂದ್ರೆ ಪ್ರಾಣಿಯ ಕೂದಲೇ, ಪ್ಲಾಸ್ಟಿಕ್ ಆಗಿದ್ದರೆ ಕರಗಿ ಮಣಿಯಾಗ್ತಿತ್ತು. ಉಳಿದದ್ದನ್ನ ಬಿಳಿ ಬಟ್ಟಲಲ್ಲಿ ಬಿಸಿ ಸೋಪಿನ ನೀರಿಗೆ ಹಾಕಿಟ್ಟೆ, ಬೆಳಿಗ್ಗೆ ನೀರು ಚಹಾ ಬಣ್ಣ. ನಿಜವಾದ ಬ್ಯಾಜರ್ ಕೂದಲಿಗೆ ಬುಡ ಬೆಳ್ಳಗೆ, ನಡುವೆ ಕಪ್ಪು ಪಟ್ಟಿ, ತುದಿ ಮತ್ತೆ ಬೆಳ್ಳಗೆ, ಅದು ಹುಟ್ಟಾ ಬಂದದ್ದು. ಇದು ಯಾರದೋ ಕೂದಲಿಗೆ ಬಣ್ಣ ಬಳಿದದ್ದು. ಇನ್ನು 'ಪ್ಯೂರ್', 'ಬೆಸ್ಟ್', 'ಸೂಪರ್', 'ಸಿಲ್ವರ್‌ಟಿಪ್' ಅನ್ನೋ ದರ್ಜೆಗಳಿವೆಯಲ್ಲ, ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಒಬ್ಬರ 'ಸೂಪರ್' ಇನ್ನೊಬ್ಬರ 'ಬೆಸ್ಟ್'. ಇರೋದರಲ್ಲಿ ಕೆಳಗಿನ ದರ್ಜೆಯ ಹೆಸರೇ 'ಪ್ಯೂರ್' ಅಂತ ತಿಳಿದಾಗ ನನಗೆ ನಗೋದೋ ಅಳೋದೋ ಗೊತ್ತಾಗಲಿಲ್ಲ!

ಈ ಬಣ್ಣ ಬಳಿಯೋ ಚಾಳಿ ಇವತ್ತಿನದಲ್ಲ, ಒಂದು ಕಾಲಕ್ಕೆ ಜೀವವನ್ನೂ ತೆಗೆದಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್, ಅಮೆರಿಕದ ಸೈನಿಕರಿಗೂ ಊರಿನ ಜನರಿಗೂ ಮುಖ, ಕುತ್ತಿಗೆಯ ಮೇಲೆ ಆಂಥ್ರಾಕ್ಸ್ ಹುಣ್ಣುಗಳು ಕಾಣಿಸಿಕೊಂಡವು. ನಮ್ಮ ರೈತರು ದನಕ್ಕೆ ಬರೋ ನೆರಡಿ ರೋಗ ಅಂತಾರಲ್ಲ, ಅದೇ. ಹುಡುಕಿದರೆ ಮೂಲ ದಾಡಿ ಬ್ರಷ್ಷು. ಯುದ್ಧದಿಂದಾಗಿ ಬ್ಯಾಜರ್ ಕೂದಲು ಬರೋದು ಕಷ್ಟವಾಗಿ, ಕುದುರೆ ಕೂದಲನ್ನೇ ಬ್ಯಾಜರಿನ ಹಾಗೆ ಕಾಣುವಂತೆ ಮಾಡಿ ಕಟ್ಟುತ್ತಿದ್ದರು. ಯುದ್ಧಕ್ಕೆ ಮುಂಚೆ ಕೂದಲನ್ನ ಶುದ್ಧ ಮಾಡಿ ಕಳಿಸ್ತಿದ್ದ ದಾರಿಗಳೂ ತಪ್ಪಿದವು. ಸರಿಯಾಗಿ ಬೇಯಿಸದ ಕೂದಲಲ್ಲಿ ರೋಗದ ಬೀಜ ಹಾಗೇ ಉಳಿದು, ಬ್ಲೇಡಿನ ಗೀರಿನಿಂದ ಮೈ ಸೇರಿತು. 1920ರಲ್ಲಿ ಬ್ರಿಟನ್ ಜಪಾನಿನ ದಾಡಿ ಬ್ರಷ್ ತರಿಸೋದನ್ನೇ ನಿಲ್ಲಿಸಿತು. ಕೂದಲನ್ನ ತೊಳೆದು ಬೇಯಿಸೋ ಹಂತ ಎಷ್ಟು ಮುಖ್ಯ ಅಂತ ನನಗೆ ಅರ್ಥವಾದದ್ದು ಇದನ್ನ ಓದಿದ ಮೇಲೆ. ಹೊಸ ಬ್ರಷ್ಷಿನಿಂದ ಒಂದೆರಡು ದಿನ ಸ್ವಲ್ಪ ಮೃಗದ ವಾಸನೆ ಬಂದರೆ ಗಾಬರಿ ಬೇಡ, ತೊಳೆದರೆ ಹೋಗುತ್ತೆ. ಕೊಳೆತ ವಾಸನೆ ಬಂದರೆ ಮಾತ್ರ ಹಿಂದೆ ಮುಂದೆ ನೋಡದೆ ಬಿಸಾಡಿ.

ಹಾಗಾದ್ರೆ ಒಳ್ಳೇ ಗಂಟನ್ನ ಗುರುತಿಸೋದು ಹೇಗೆ? ಒಳಗಿನ ಅಂಟು ಕಾಣದಿದ್ದರೂ ಸುಳಿವು ಸಿಗುತ್ತೆ. ನಾನೀಗ ಮಾಡೋದು ಹೀಗೆ.

ಮೊದಲು ಮೇಲಿಂದ ನೋಡ್ತೀನಿ. ತಲೆ ನಾಲ್ಕೂ ಕಡೆ ಸಮ ಇದೆಯಾ, ಒಂದು ಕಡೆ ವಾಲಿದೆಯಾ. ಆಮೇಲೆ ಬೆರಳಿಂದ ನಡುವೆ ಕೂದಲು ಸರಿಸಿ ಬುಡದ ತನಕ ಇಣುಕ್ತೀನಿ. ನಡುವೆ ವಡೆಯ ತೂತಿನ ಹಾಗೆ ಖಾಲಿ ಇದ್ದರೆ ಕೂದಲು ಉಳಿಸಿದ್ದಾರೆ ಅಂತ ಅರ್ಥ. ಅಂಗೈಗೆ ಒತ್ತಿ ಬಿಟ್ಟರೆ ಕೂದಲು ಬಾಗಿ ಮತ್ತೆ ಎದ್ದು ನಿಲ್ಲಬೇಕು. ಒತ್ತಿದಾಗ ಮಧ್ಯದಲ್ಲಿ ಗಟ್ಟಿ ಗುಬ್ಬಿ ಸಿಕ್ಕಿದರೆ ಅಂಟು ಮೇಲಕ್ಕೆ ಏರಿದೆ. ತುದಿಗಳನ್ನ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಚೂಪೋ ಮೊಂಡೋ ತಿಳಿಯುತ್ತೆ. ಬುಡದ ಹತ್ತಿರದಿಂದ ಒಂದು ಚಿಟಿಕೆ ಕೂದಲು ಹಿಡಿದು ಮೆಲ್ಲಗೆ ಎಳೀತೀನಿ, ಅದೂ ಹೊರಗಿನ ಸಾಲಲ್ಲಲ್ಲ, ನಡುವಿನಿಂದ. ಹೊಸ ಬ್ರಷ್ಷಿನಿಂದ ಮೊದಲ ಕೆಲವು ದಿನ ನಾಲ್ಕೈದು ಉದುರೋದು ಸಹಜ, ಅವು ಕಟ್ಟುವಾಗ ಸಡಿಲ ಉಳಿದವು. ದಿನ ಕಳೆದಂತೆ ಲೆಕ್ಕ ಕಡಿಮೆಯಾಗ್ತಾ ಹೋಗಬೇಕು. ಏರ್ತಾ ಹೋದರೆ ಗಂಟೇ ಸಡಿಲ.

ಇನ್ನು ಅಳತೆ. ಗಂಟಿನ ಅಗಲ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್, ಹಿಡಿಯಿಂದ ಮೇಲೆ ಕಾಣೋ ಕೂದಲಿನ ಎತ್ತರ 45ರಿಂದ 60. ಅಗಲ ಅಷ್ಟೇ ಇದ್ದು ಎತ್ತರ ಹೆಚ್ಚಾದರೆ ಬ್ರಷ್ ಮೆತ್ತಗೆ, ತೂಗಾಡುತ್ತೆ. ಎತ್ತರ ಕಡಿಮೆಯಾದರೆ ಬಿಗಿ, ಗಡ್ಡವನ್ನ ತಿಕ್ಕುತ್ತೆ. ಒಂದೇ ಗಂಟನ್ನ ಹಿಡಿಯ ತೂತಿನಲ್ಲಿ ಐದು ಮಿಲಿಮೀಟರ್ ಆಳಕ್ಕೆ ಇಳಿಸಿದರೂ ಬೇರೆಯದೇ ಬ್ರಷ್ ಅನ್ನಿಸುತ್ತೆ.

ಈ ಕೊನೆಯ ಮಾತು ಗೊತ್ತಾದಾಗ ಅಪ್ಪನ ಹೈಲಂ ಹಿಡಿ ನೆನಪಾಯಿತು. ಅಮ್ಮ ಅದನ್ನ ಬಿಸಾಡಿರಲಿಲ್ಲ, ಕಿಟಕಿ ಮೇಲೆ ಗಾಳಿಗೆ ಬಾಗಿಲು ಹೊಡೆಯದಿರಲಿ ಅಂತ ಆನಿಸಿಟ್ಟಿದ್ದಳು :) ಹಳೇ ಗಂಟನ್ನ ಬುಡದ ತನಕ ಕತ್ತರಿಸಿ, ಉಳಿದ ಮೋಟನ್ನ ಸಣ್ಣ ಡ್ರಿಲ್ಲಿನಿಂದ ಚೂರು ಚೂರಾಗಿ ತೆಗೆದೆ. ಎರಡು ಸಂಜೆ ಹಿಡಿಯಿತು. ಮರಳು ಕಾಗದದಿಂದ ಒಳಗೆಲ್ಲ ಉಜ್ಜಿದ ಮೇಲೆ 22 ಮಿಲಿಮೀಟರ್ ಅಗಲದ ಶುಭ್ರವಾದ ತೂತು. ನಾನು ಕೆಲಸ ಮಾಡ್ತಿದ್ದಾಗ ಅಪ್ಪ ಕುರ್ಚಿಯಲ್ಲಿ ಕೂತು ನೋಡ್ತಾನೇ ಇದ್ದರು. ಡ್ರಿಲ್ ಒಂದು ಸಲ ಓರೆಯಾದಾಗ ಎಡಗೈ ಎತ್ತಿ ಜೋರಾಗಿ ಕುರ್ಚಿಯ ತೋಳಿಗೆ ಬಡಿದರು. ನಾನು ತಿದ್ದಿಕೊಂಡೆ.

ಗಂಟು ಮಾತ್ರ ಬಿಡಿಯಾಗಿಯೂ ತರಿಸಬಹುದು. ಈ ಸಲ ಬ್ಯಾಜರ್ ಬೇಡ, ಕೃತಕ ಎಳೆಯದ್ದೇ ಇರಲಿ ಅಂದುಕೊಂಡೆ. ಉದುರೋದು ಬಹಳ ಕಡಿಮೆ, ಯಾವ ಪ್ರಾಣಿಯ ಗೊಡವೆಯೂ ಇಲ್ಲ, ಬೇಗ ಒಣಗುತ್ತೆ. ಮೊದಮೊದಲ ನೈಲಾನ್ ಬ್ರಷ್ಷುಗಳು ಮೀನಿನ ಬಲೆ ಉಜ್ಜಿದ ಹಾಗಿರ್ತಿದ್ದವು. ಈಗ ಪಾಲಿಯೆಸ್ಟರ್ ಜಾತಿಯ ಸಣ್ಣ ಎಳೆಗಳ ತುದಿಯನ್ನ ಕಾಸ್ಟಿಕ್ ದ್ರಾವಣದಲ್ಲಿ ಅದ್ದಿ ಕರಗಿಸಿ ಚೂಪು ಮಾಡ್ತಾರೆ. ಪ್ರಾಣಿಯ ಕೂದಲಿಗೆ ಹುಟ್ಟಾ ಬಂದದ್ದನ್ನ ಇಲ್ಲಿ ರಸಾಯನದಿಂದ ಮಾಡೋದು. ಪೂರ್ತಿ ಅಂಟಿಸದೆ, ಬೇಕಾದರೆ ಕೀಳಬಹುದಾದ ಸಿಲಿಕಾನ್ ಒಂದು ತೊಟ್ಟು ಹಾಕಿ ಕೂರಿಸಿದೆ. ನೊರೆ ಅಂದ್ರೆ ನೊರೆ, ಹಾಲು ಉಕ್ಕಿದ ಹಾಗೆ. ಒಂದು ವಾರ ಒಂದೇ ಒಂದು ಎಳೆ ಉದುರಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಎಂಟನೇ ದಿನ ಅಪ್ಪ ಬ್ರಷ್ಷನ್ನ ಎಡಗೈಯಿಂದ ಸರಿಸಿದರು. ಯಾಕಪ್ಪಾ, ಚುಚ್ತದೇನು ಅಂದೆ. ಇಲ್ಲ ಅಂತ ತಲೆ ಆಡಿಸಿದರು. ಮಾತು ಕೂಡಿಸಿಕೊಳ್ಳೋಕೆ ಹೊತ್ತು ಹಿಡಿಯಿತು. "ಬೆಕ್ಕು... ನೆಕ್ಕಿದಂಗ... ಆಗ್ತದ."

ಅಮ್ಮ ಒಳಗಿಂದ ನಕ್ಕಳು. ನನಗೆ ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಇಷ್ಟೆಲ್ಲ ಮಾಡಿದ್ದು ಯಾರಿಗೆ? ಆಮೇಲೆ ಯೋಚಿಸಿದೆ. ಮೂವತ್ತು ವರ್ಷ ಕಲ್ಲಿದ್ದಲಿನ ಪುಡಿ ತಿಕ್ಕಿ ತೆಗೆದ ಕೆನ್ನೆ ಅದು. ಅವರಿಗೆ ಬ್ರಷ್ ಅಂದ್ರೆ ತಿಕ್ಕಬೇಕು. ಅದರಲ್ಲೂ ಬಲಗೆನ್ನೆಗೆ ಸ್ಪರ್ಶ ಮಂಕಾಗಿದೆ. ಅಷ್ಟು ಮೆತ್ತನೆಯ ಬ್ರಷ್ ಆ ಕಡೆ ಓಡಾಡ್ತಿದೆಯೋ ಇಲ್ಲವೋ ಅಂತಲೇ ಅವರಿಗೆ ಗೊತ್ತಾಗ್ತಿರಲಿಲ್ಲ. ಅಂಗಡಿಯಲ್ಲಿ ನನ್ನ ಕೆನ್ನೆಗೆ ಉಜ್ಜಿಕೊಂಡು ಮೆತ್ತಗಿದೆ ಅಂತ ಕೊಂಡಿದ್ದೆನಲ್ಲ, ಎರಡನೇ ಸಲವೂ ನಾನು ಮಾಡಿದ್ದು ಅದೇ ತಪ್ಪು. ಕೆನ್ನೆ ನನ್ನದಾಗಿರಲಿಲ್ಲ.

ಹಾಗಾಗಿ ಹಂದಿ ಬಿರುಗೂದಲಿನ ಗಂಟು ತರಿಸಿದೆ. ಬ್ಯಾಜರಿಗಿಂತ ಎಷ್ಟೋ ಅಗ್ಗ. ಮೇಲಿನ ಪರೀಕ್ಷೆ ಎಲ್ಲಾ ಮಾಡಿದೆ. ನಡುವೆ ತೂತಿಲ್ಲ, ತುದಿ ಕತ್ತರಿ ಕಂಡಿಲ್ಲ, ಎಳೆದರೆ ಬರಲಿಲ್ಲ. ಹಿಡಿಯ ತೂತಿನ ತಳಕ್ಕೆ ಒಂದು ವಾಷರ್ ಹಾಕಿ, ತೆಗೆದು, ಮತ್ತೆ ಹಾಕಿ, ಎತ್ತರ ನೋಡಿ ನೋಡಿ ಕೊನೆಗೆ 48 ಮಿಲಿಮೀಟರಿಗೆ ನಿಲ್ಲಿಸಿ ಎಪಾಕ್ಸಿ ಹಾಕಿದೆ. ನಿಧಾನಕ್ಕೆ ಒಣಗೋ ಎಪಾಕ್ಸಿ, ಒಂದು ದಿನ ಪೂರ್ತಿ ಬಿಟ್ಟೆ.

ಹಂದಿ ಕೂದಲಿನ ಬ್ರಷ್ಷು ಮೊದಲ ದಿನವೇ ಮುಖಕ್ಕೆ ಹಾಕೋಕೆ ಚೆನ್ನಾಗಿರಲ್ಲ. ಎಳೆ ಎತ್ತನ್ನ ಪಳಗಿಸಿದ ಹಾಗೆ ಪಳಗಿಸಬೇಕು. ದಿನಾ ರಾತ್ರಿ ಮೂರು ನಿಮಿಷ ನೀರಲ್ಲಿ ನೆನೆಸಿ, ನನ್ನ ಅಂಗೈ ಮೇಲೆ ನೊರೆ ಮಾಡಿ, ತೊಳೆದು, ಒದರಿ, ಒಣಗಿಸಿ ಇಡ್ತಾ ಬಂದೆ. ಮೂರು ವಾರ. ಉದುರಿದ್ದನ್ನ ಲೆಕ್ಕ ಇಟ್ಟೆ. ಮೊದಲ ರಾತ್ರಿ 5, ಎರಡನೇ ರಾತ್ರಿ 3, ನಾಲ್ಕನೇ ರಾತ್ರಿ 1, ಆಮೇಲೆ ಸೊನ್ನೆ. ಎರಡು ವಾರ ದಾಟಿದಾಗ ತುದಿಗಳು ಸೀಳಿ ಹೂವಿನ ಹಾಗೆ ಅರಳಿದ್ದು ಬರಿಗಣ್ಣಿಗೇ ಕಾಣ್ತಿತ್ತು. ಬುಡದಲ್ಲಿ ಬಿಗಿ, ತುದಿಯಲ್ಲಿ ಮೆತ್ತಗೆ.

ಲೆಕ್ಕ ಬರೆದದ್ದು ಒಂದು ಹಳೇ ಡೈರಿಯಲ್ಲಿ. ಅಪ್ಪ ಅದನ್ನ ನೋಡಿದರು. ಪ್ಲಾಂಟಿನಲ್ಲಿ ಗಂಟೆಗೊಮ್ಮೆ ರೀಡಿಂಗ್ ತಗೊಂಡು ಲಾಗ್‌ಬುಕ್ಕಿನಲ್ಲಿ ಬರೆದವರು ಅವರು. ಪುಟ ತಿರುವಿ ತಿರುವಿ ನೋಡಿ, ಒಂದು ದಿನ ನಾನು ಬರೆಯದೆ ಬಿಟ್ಟ ಜಾಗದ ಮೇಲೆ ಬೆರಳಿಟ್ಟರು. ಆ ರಾತ್ರಿ ಕರೆಂಟ್ ಹೋಗಿತ್ತಪ್ಪಾ, ಮಾಡಲಿಲ್ಲ ಅಂದೆ. ಶಕ್ತಿನಗರದ ಪಕ್ಕದಲ್ಲೇ ಇದ್ದು ಕರೆಂಟ್ ಹೋಯಿತು ಅಂದದ್ದಕ್ಕೋ ಏನೋ ಒಂಥರಾ ನೋಡಿದರು.

22ನೇ ದಿನ ಅವರ ಮುಖಕ್ಕೆ ಹಚ್ಚಿದೆ. ಕಣ್ಣು ಮುಚ್ಚಿಕೊಂಡರು. ಮೊದಲಿನ ಹಾಗೆ ನಾಲಿಗೆಯಿಂದ ಎಡಗೆನ್ನೆ ಉಬ್ಬಿಸಿ ಕೊಟ್ಟರು. ಬಲಗಡೆ ನಾನು ಬೆರಳಿಂದ ಚರ್ಮ ಹಿಗ್ಗಿಸಿ ಹಿಡಿದೆ. ಬ್ರಷ್ಷು ಬಲಗೆನ್ನೆಯ ಮೇಲೆ ಸುತ್ತಿದಾಗ ಹುಬ್ಬು ಒಂಚೂರು ಮೇಲೆದ್ದಿತು. "ಹ್ಞಾಂ" ಅಂದರು. ಅಷ್ಟೇ. ಬ್ಲೇಡು ಒಂದೇ ಸಲಕ್ಕೆ ಹೋಯಿತು, ಹತ್ತಿ ಬೇಕಾಗಲಿಲ್ಲ.

ಈಗ ಅದೇ ಬ್ರಷ್ಷು ನಡೀತಿದೆ. ಒಂದು ಕಿವಿಮಾತು, ನಮ್ಮ ಕಡೆಯವರಿಗೆ ಮುಖ್ಯವಾಗಿ. ಕಾಲೋನಿಯಲ್ಲಿ ಹೊಳೆ ನೀರು ಬರ್ತಿತ್ತು, ಈಗಿನ ಮನೆಯಲ್ಲಿ ಬೋರ್‌ವೆಲ್, ನೀರು ಗಡುಸು. ಗಡುಸು ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಕರಗದ ಬಿಳಿ ಅಂಟಾಗಿ ಗಂಟಿನ ಬುಡದಲ್ಲಿ ಕೂಡುತ್ತೆ. ಅಲ್ಲಿ ಕೂದಲು ಬಿರುಸಾಗಿ ಮುರಿಯುತ್ತೆ, ನಾವು ಉದುರಿತು ಅಂತೀವಿ. ಉದುರಿದ ಕೂದಲಿಗೆ ಬುಡದ ತನಕ ಪೂರ್ತಿ ಉದ್ದ ಇದ್ದರೆ ಗಂಟಿನ ತಪ್ಪು, ಚೋಟುದ್ದ ಇದ್ದರೆ ನೀರಿನದೋ ನಮ್ಮದೋ ತಪ್ಪು. ತಿಂಗಳಿಗೊಮ್ಮೆ ನೀರಿಗೆ ಸ್ವಲ್ಪ ನಿಂಬೆರಸ ಹಿಂಡಿ ಐದು ನಿಮಿಷ ಅದ್ದಿ ತೊಳೆದರೆ ಬಿಳಿ ಬಿಡುತ್ತೆ. ಕುದಿಯೋ ನೀರು ಮಾತ್ರ ಹಾಕಬೇಡಿ, ಅಂಟು ಸಡಿಲವಾಗುತ್ತೆ.

ದಾಡಿ ಮುಗಿದ ಮೇಲೆ ದಿನಾ ಬಟ್ಟಲನ್ನ ಅಪ್ಪನ ಮುಂದೆ ಹಿಡಿಯಬೇಕು, ಅದೊಂದು ನೇಮ ಆಗಿಬಿಟ್ಟಿದೆ. ನೊರೆಯನ್ನ ಎಡಗೈ ಬೆರಳಿಂದ ಕದಡಿ ನೋಡ್ತಾರೆ. ನಾನು ಸೊನ್ನೆ ಅಂತೀನಿ, ಅವರು ತಲೆ ಆಡಿಸ್ತಾರೆ, ಆಮೇಲೆ ಚಹಾ. ಇವತ್ತು ಬೆಳಿಗ್ಗೆ ಬೆರಳು ಅಲ್ಲೇ ನಿಂತಿತು. ಎಷ್ಟೋ ತಿಂಗಳಾದ ಮೇಲೆ ಒಂದು ಕೂದಲು. ತೆಗೆದು ಒರೆಸಿ ನೋಡಿದೆ, ಚೋಟುದ್ದ. ಮುರಿದದ್ದು, ಗಂಟಿನದಲ್ಲ ಬಿಡಪ್ಪಾ ಅಂದೆ.

ಅಪ್ಪ ಡೈರಿಯ ಕಡೆ ಕೈ ಮಾಡಿದರು. "ಬರ್ಕೊ."